ನಗಿಸುವ ಅಡುಗೆ ಪುಸ್ತಕಗಳು: ಒಲೆ ಪಕ್ಕಕ್ಕೆ ಯಾವುದು, ದಿಂಬಿನ ಪಕ್ಕಕ್ಕೆ ಯಾವುದು

ಜೋಳದ ರೊಟ್ಟಿ ಬಡಿಯುವುದನ್ನು ಕಲಬುರಗಿಯಲ್ಲಿ ಯಾರೂ ಪುಸ್ತಕ ನೋಡಿ ಕಲಿತಿಲ್ಲ. ಪುಂಡಿಪಲ್ಯಕ್ಕೆ ಎಷ್ಟು ನುಚ್ಚು ಹಾಕಬೇಕು ಅಂತ ಕೇಳಿದರೆ ಸಿಗುವುದು ಕೈಯಳತೆಯ ಉತ್ತರ. ಹಾಗಾಗಿ ನಮ್ಮ ಮನೆಗಳಿಗೆ ಅಡುಗೆ ಪುಸ್ತಕ ಬರುವುದು ಬೇರೆ ಕಾರಣಕ್ಕೆ. ಓದಿ ನಗೋಣ ಅಂತ ಕೆಲವರು ತರುತ್ತಾರೆ, ಹುಡುಗರ ಹುಟ್ಟುಹಬ್ಬಕ್ಕೆ ಕೊಡೋಣ ಅಂತ ಕೆಲವರು. ಇದೇ ನೆಲದಲ್ಲಿ ಒಂಬೈನೂರು ವರ್ಷದ ಹಿಂದೆ ಜನ ಏನು ಉಣ್ಣುತ್ತಿದ್ದರು ಎಂಬ ಕುತೂಹಲ ಇರುವವರೂ ಇದ್ದಾರೆ. ತಮಾಷೆಯ, ವಿಚಿತ್ರದ ಅಡುಗೆ ಪುಸ್ತಕಗಳೆಂದು ಓದುಗರು ಒಬ್ಬರಿಗೊಬ್ಬರು ಹೇಳುತ್ತ ಬಂದ ಹೆಸರುಗಳು ಹತ್ತಾರಿವೆ. ಎಲ್ಲವೂ ಒಂದೇ ಜಾತಿಯವಲ್ಲ. ಕೆಲವನ್ನು ಓದಲಷ್ಟೇ ಚೆಂದ, ಕೆಲವನ್ನು ಒಲೆ ಮುಂದೆ ತೆರೆದಿಟ್ಟರೇ ಬೆಲೆ.

ಆರಿಸುವಾಗ ಒಂದು ಸೂತ್ರ ಹಿಡಿಯಿರಿ. ತಮಾಷೆ ಮಾತಿನಲ್ಲಿರಲಿ, ಅಳತೆಯಲ್ಲಿ ಬೇಡ. 'ಸ್ವಲ್ಪ', 'ನಿಮಗೆ ತೋಚಿದಷ್ಟು' ಅಂತ ಬರೆದು ನಗಿಸುವ ಪುಸ್ತಕ ಒಲೆ ಪಕ್ಕಕ್ಕೆ ಬೇಡ. ಪುಟಪುಟಕ್ಕೂ ನಗಿಸುತ್ತಲೇ 'ಎರಡು ಟೇಬಲ್ ಚಮಚ, ಹನ್ನೆರಡು ನಿಮಿಷ, ತಳ ಹಿಡಿಯುವ ಮುಂಚೆ ಇಳಿಸಿ' ಎನ್ನುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಊರ ಹತ್ತಿರದ ಹಳೆಯ ಪುಸ್ತಕಗಳು

ವಿಚಿತ್ರ ಬೇಕೆಂದು ದೂರ ಹೋಗುವ ಮುಂಚೆ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ನೆನೆಯಿರಿ. ಆಗಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ನಡೆಸುವುದು, ಆನೆ ಹಿಡಿಯುವುದು, ಸಂಗೀತ, ಆಟ ಎಲ್ಲದರ ನಡುವೆ 'ಅನ್ನಭೋಗ' ಎಂಬ ಅಧ್ಯಾಯ ಬರುತ್ತದೆ. ಓದುಗರು ಇದನ್ನು ವಿಚಿತ್ರ ಪುಸ್ತಕಗಳ ಸಾಲಿಗೆ ಸೇರಿಸುವುದು ಇಲಿಯ ಅಡುಗೆಯಿಂದಾಗಿ. ಹೊಳೆದಂಡೆಯ ಹೊಲದಲ್ಲಿ ಹಿಡಿದ ಕಪ್ಪು ಇಲಿಯನ್ನು ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ಕೂದಲು ತೆಗೆಯುವ ವಿಧಾನವನ್ನು ದೊರೆಯೇ ವಿವರಿಸುತ್ತಾನೆ. ಆಮೆಯ ಅಡುಗೆಯೂ ಇದೆ.

ಇಲಿಗಿಂತ ನಮಗೆ ಉಪಯೋಗಕ್ಕೆ ಬರುವುದು ಬೇಳೆಯ ಭಾಗ. 'ವಿದಲಪಾಕ'ದಲ್ಲಿ ಐದು ಬಗೆಯ ಕಾಳುಗಳ ಹಿಟ್ಟು ಸೇರುತ್ತದೆ, ಜೊತೆಗೆ ಸೈಂಧವ ಉಪ್ಪು, ಅರಿಶಿನ, ಇಂಗು. ಅದರಲ್ಲಿ ಹಸಿಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಹುಡುಕಿದರೆ ಸಿಗುವುದಿಲ್ಲ. ಅವು ಅಮೆರಿಕ ಖಂಡದಿಂದ ಬಂದದ್ದು ಪೋರ್ಚುಗೀಸರು ಕಾಲಿಟ್ಟ ಮೇಲೆ. ಖಾರಪುಡಿ ಇಲ್ಲದೆ ಊಟವೇ ಇಲ್ಲವೆನ್ನುವ ನಮ್ಮ ಕಡೆಯವರಿಗೆ ಇದೊಂದು ಒಳ್ಳೆಯ ಪ್ರಯೋಗ: ಒಂದು ಹೊತ್ತಿನ ಅಡುಗೆಯನ್ನು ಕರಿಮೆಣಸು, ಶುಂಠಿ, ಇಂಗಿನಲ್ಲೇ ಖಾರ ಮಾಡಿ ನೋಡಿ. ನಾಲ್ಕು ಜನರ ಸಾರಿಗೆ ಕುಟ್ಟಿದ ಕರಿಮೆಣಸು ಒಂದು ಟೀ ಚಮಚ ಸಾಕು. ಇಳಿಸುವ ಎರಡು ನಿಮಿಷ ಮುಂಚೆ ಹಾಕಿ, ಮೊದಲೇ ಹಾಕಿದರೆ ಘಮ ಹಾರಿಹೋಗಿ ಬರೀ ಉರಿ ಉಳಿಯುತ್ತದೆ.

ಕನ್ನಡದಲ್ಲೇ ಬೇಕೆಂದರೆ ಇನ್ನೂ ಎರಡಿವೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದು. ಜ್ಯೋತಿಷ್ಯ, ವಾಸ್ತು, ನೀರು ಹುಡುಕುವುದು, ಮರಗಿಡ, ವೈದ್ಯದ ಜೊತೆಗೆ ಸೂಪಶಾಸ್ತ್ರ, ಅಂದರೆ ಅಡುಗೆಯ ಶಾಸ್ತ್ರವೂ ಅದರಲ್ಲಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' 16ನೇ ಶತಮಾನದ ಆರಂಭದ್ದು, ಪೂರ್ತಿ ಅಡುಗೆಗೇ ಮೀಸಲು, ಪೂರ್ತಿ ಸಸ್ಯಾಹಾರ, ಅದೂ ಷಟ್ಪದಿಯಲ್ಲಿ. ಹಿಟ್ಟಿನ ತಿಂಡಿ, ಪಾನಕ, ಪಾಯಸ, ಅನ್ನದಿಂದ ಹಿಡಿದು ಬದನೆಕಾಯಿ, ಬಾಳೆ, ಹಲಸಿನವರೆಗೆ ಹೋಗುತ್ತಾನೆ. ಬದನೆಕಾಯಿಯ ಮೇಲೆ ಅವನಿಗಿರುವ ಅಕ್ಕರೆ ಓದಿದರೆ ಎಣ್ಣೆಗಾಯಿ ಉಣ್ಣುವ ನಮಗೆ ಖುಷಿಯಾಗದೆ ಇರದು. ಗಟ್ಟಿಯಾಗಿ ಓದಿ ನಾಲ್ಕು ಜನ ಕೂತು ಕೇಳುವುದಕ್ಕೆ ಮಂಗರಸ, ಅಡುಗೆ ಮಾಡಿ ನೋಡುವುದಕ್ಕೆ ಚಾವುಂಡರಾಯ. ಇದು ನಮ್ಮ ತೀರ್ಮಾನ.

ಕಾರಣ ಇಡ್ಲಿ. ಸುಮಾರು 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಹೆಸರಷ್ಟೇ ಬರುತ್ತದೆ. ಚಾವುಂಡರಾಯ ವಿಧಾನವನ್ನೇ ಹೇಳುತ್ತಾನೆ: ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವುದು. ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುದುಗು ಬರಿಸುವ ಮಾತೂ ಇಲ್ಲ. ಅಳತೆ ಹೇಳಿಲ್ಲವಾದ್ದರಿಂದ ಇಂದಿನ ಅಡುಗೆಮನೆಗೆ ಹೀಗೆ ಕೂಡಿಸಿಕೊಳ್ಳಿ. ಉದ್ದಿನಬೇಳೆ 200 ಗ್ರಾಂ, ತೆಳು ಮಜ್ಜಿಗೆ ಎರಡು ಲೋಟ, ನೆನೆ ನಾಲ್ಕು ತಾಸು. ಏಪ್ರಿಲ್-ಮೇ ಬಿಸಿಲಿನಲ್ಲಿ ಮೂರೇ ತಾಸು, ಅದಕ್ಕೂ ಹೆಚ್ಚಾದರೆ ಹುಳಿ ಮೂಗಿಗೆ ಬಡಿಯುತ್ತದೆ. ಮಜ್ಜಿಗೆ ಸೋಸಿ ತೆಗೆದು, ಮೊಸರಿನ ತಿಳಿಯನ್ನು ಮೂರು-ನಾಲ್ಕು ಟೇಬಲ್ ಚಮಚವಷ್ಟೇ ಹಾಕುತ್ತ ಗಟ್ಟಿಯಾಗಿ ಅರೆಯಬೇಕು. ಆಮೇಲೆ ಐದು ನಿಮಿಷ ಕೈಯಿಂದ ಒಂದೇ ದಿಕ್ಕಿಗೆ ಬಡಿಯಿರಿ. ಒಂದು ಚಿಟಿಕೆ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಗಾಳಿ ಸೇರಿಲ್ಲವೆಂದು ಅರ್ಥ, ಅದನ್ನೇ ಬೇಯಿಸಿದರೆ ಕಲ್ಲಾಗುತ್ತದೆ. ಉಪ್ಪು, ಮಸಾಲೆ ಸೇರಿಸಿ ಚಿಕ್ಕಚಿಕ್ಕದಾಗಿ ಹಾಕಿ 10ರಿಂದ 12 ನಿಮಿಷ ಉಗಿಯಲ್ಲಿ ಬೇಯಿಸಿ. ದೊಡ್ಡದು ಮಾಡಿದರೆ ನಡುವೆ ಅಂಟಂಟು ಉಳಿಯುತ್ತದೆ. ಹೋಟೆಲಿನ ಮಲ್ಲಿಗೆ ಇಡ್ಲಿಯ ಹಗುರ ಇದಕ್ಕೆ ಬರುವುದಿಲ್ಲ, ವಡೆಯ ಹಿಟ್ಟಿಗೆ ಹತ್ತಿರದ ರುಚಿ. ಶೇಂಗಾ ಹಿಂಡಿ, ಎಣ್ಣೆ ಜೊತೆಗೆ ಬಿಸಿಯಿರುವಾಗಲೇ ತಿನ್ನಬೇಕು.

ಚಿತ್ರ ನೋಡುವ ಆಸೆಯಿದ್ದರೆ ಈಗಿನ ಮಧ್ಯಪ್ರದೇಶದ ಮಾಂಡುವಿನ ಸುಲ್ತಾನ ಘಿಯಾಸ್ ಶಾಹನ 'ನಿಮತ್‌ನಾಮಾ'. 1500ರ ಆಸುಪಾಸಿನ ಹಸ್ತಪ್ರತಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ನೋರಾ ಟಿಟ್ಲಿ ಅವರ ಇಂಗ್ಲಿಷ್ ಅನುವಾದ 2005ರಲ್ಲಿ ಬಂತು. ಮೀಸೆಯ ಸುಲ್ತಾನ ಪುಟದಿಂದ ಪುಟಕ್ಕೆ ಕೂತು ಸಮೋಸ ಮಾಡಿಸುತ್ತಾನೆ, ಅತ್ತರು ಕಾಯಿಸಿಸುತ್ತಾನೆ. ಒಂದು ಎಚ್ಚರಿಕೆ: ಅಡುಗೆಗೆ ಕರ್ಪೂರ, ಕಸ್ತೂರಿ ಹಾಕುವ ವಿಧಾನಗಳು ಅದರಲ್ಲಿ ತುಂಬ ಇವೆ. ದೇವರ ಮುಂದೆ ಹಚ್ಚುವ ಕರ್ಪೂರವನ್ನು ತಿನ್ನಲೇಬಾರದು, ಅದು ವಿಷ. ತಿನ್ನುವ ಪಚ್ಚ ಕರ್ಪೂರವಾದರೂ ಒಂದು ಕಿಲೋ ಸಿಹಿಗೆ ಸಾಸಿವೆ ಕಾಳಿನಷ್ಟು ಸಾಕು. ಹುಡುಗರಿರುವ ಮನೆಯಲ್ಲಿ ಗುಲಾಬಿ ನೀರು, ಏಲಕ್ಕಿಯಿಂದಲೇ ಕೆಲಸ ಮುಗಿಸಿ.

ಅಡುಗೆ ಬೇಡವೆನ್ನುವವರು, ಅಡುಗೆಯೇ ಬದುಕೆನ್ನುವವರು

ಇಂಗ್ಲಿಷ್ ನಗೆಪುಸ್ತಕಗಳಲ್ಲಿ ಮೊದಲು ಕೇಳಿಬರುವ ಹೆಸರು ಪೆಗ್ ಬ್ರಾಕನ್ ಅವರ 'ದಿ ಐ ಹೇಟ್ ಟು ಕುಕ್ ಬುಕ್', 1960. ಜಾಹೀರಾತು ಬರೆಯುತ್ತಿದ್ದ ಹೆಣ್ಣುಮಗಳು, ದಿನಾ ಅಡುಗೆ ಮಾಡಲೇಬೇಕಾದ ಹೆಂಗಸರ ಬೇಸರವನ್ನು ಮುಚ್ಚುಮರೆಯಿಲ್ಲದೆ ಬರೆದರು. ಹಿಲರಿ ನೈಟ್ ಅವರ ಗೆರೆಚಿತ್ರಗಳು ಜೊತೆಗಿವೆ. ಅರವತ್ತು ವರ್ಷ ದಾಟಿದರೂ ಇದರ ನಗು ಮಾಸಿಲ್ಲ, ಏಕೆಂದರೆ ಸಂಜೆ ಏಳು ಗಂಟೆಗೆ 'ಇವತ್ತೇನು ಮಾಡಲಿ' ಎನ್ನುವ ಬೇಸರಕ್ಕೆ ದೇಶಭೇದವಿಲ್ಲ. ಅಡುಗೆಯ ವಿಷಯಕ್ಕೆ ಬಂದರೆ ತೊಡಕಿದೆ. ಅವರ ಬಹಳಷ್ಟು ತಿಂಡಿಗಳು ಡಬ್ಬಿಯ ಸೂಪಿನ ಮೇಲೆ ನಿಂತಿವೆ, ಅದು ನಮ್ಮ ಸೂಪರ್ ಮಾರ್ಕೆಟ್ ಬೀದಿಯ ಅಂಗಡಿಗಳಲ್ಲಿ ಸುಲಭಕ್ಕೆ ಸಿಗದು. ಒಂದು ಡಬ್ಬಿ ಮಶ್ರೂಮ್ ಸೂಪಿನ ಬದಲಿಗೆ ಬೆಣ್ಣೆ ಮೂರು ಟೇಬಲ್ ಚಮಚ, ಮೈದಾ ಮೂರು ಟೇಬಲ್ ಚಮಚ, ಹಾಲು 300 ಮಿ.ಲೀ., ಸಣ್ಣಗೆ ಹೆಚ್ಚಿ ಹುರಿದ ಅಣಬೆ ಒಂದು ಹಿಡಿ. ಮೈದಾವನ್ನು ಬೆಣ್ಣೆಯಲ್ಲಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಹುರಿದು ಹಸಿವಾಸನೆ ಹೋದ ಮೇಲೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ.

ಅವರ ಮನೋಭಾವವನ್ನು ನಮ್ಮೂರ ಅಡುಗೆಗೆ ಇಳಿಸಿದರೆ ಅದು ಸುಸಲಾ. ಚುರುಮುರಿ 200 ಗ್ರಾಂ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಎರಡು ಟೇಬಲ್ ಚಮಚ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಹತ್ತು ನಿಮಿಷದ ಕೆಲಸ. ಚುರುಮುರಿ ಒಂದು ನಿಮಿಷಕ್ಕಿಂತ ಹೆಚ್ಚು ನೀರಲ್ಲಿ ಕೂತರೆ ಮುದ್ದೆಯಾಗುತ್ತದೆ, ಅದೊಂದೇ ನೋಡಿಕೊಳ್ಳಬೇಕಾದ್ದು.

ಇದಕ್ಕೆ ಪೂರ್ತಿ ಎದುರು ದಡ ಆಲಿಸ್ ಬಿ. ಟೋಕ್ಲಾಸ್ ಅವರ ಅಡುಗೆ ಪುಸ್ತಕ, 1954. ಲೇಖಕಿ ಗರ್ಟ್ರೂಡ್ ಸ್ಟೈನ್ ಜೊತೆ ಪ್ಯಾರಿಸಿನಲ್ಲಿ ಕಳೆದ ದಶಕಗಳ ನೆನಪು, ಎರಡು ಯುದ್ಧಗಳು, ಚಿತ್ರಕಾರರ ಊಟ ಎಲ್ಲ ಅಡುಗೆ ವಿಧಾನಗಳೊಳಗೆ ಹೆಣೆದುಕೊಂಡಿವೆ. ಜೀವಂತ ಮೀನನ್ನು ಮನೆಯಲ್ಲೇ ಕೊಲ್ಲಬೇಕಾಗಿ ಬಂದ ಪ್ರಸಂಗವನ್ನು ಕೊಲೆ ಪ್ರಕರಣದಂತೆ ಬರೆದ ಅಧ್ಯಾಯ ಇಡೀ ಪುಸ್ತಕದ ಬೆಲೆಗೆ ಸಮ. ಪುಸ್ತಕ ಹೆಸರಾದದ್ದು ಮಾತ್ರ ಗೆಳೆಯನೊಬ್ಬ ಕಳಿಸಿದ 'ಹಶಿಶ್ ಫಜ್' ಎಂಬ ಸಿಹಿಯಿಂದ. ಮೊದಲ ಅಮೆರಿಕನ್ ಆವೃತ್ತಿ ಅದನ್ನು ಕೈಬಿಟ್ಟಿತ್ತು. ಹಶಿಶ್ ಎಂದರೆ ಚರಸ್, ನಮ್ಮಲ್ಲಿ ಅದು 1985ರ ಮಾದಕವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಡಿ ಅಪರಾಧ, ಆ ಪುಟ ಓದಿಗಷ್ಟೇ. ಉಳಿದ ಅಡುಗೆಗಳಲ್ಲಿ ಬೆಣ್ಣೆ, ಕೆನೆ, ವೈನ್ ಹೊಳೆಯಂತೆ ಹರಿಯುತ್ತವೆ. ಬ್ರಾಕನ್ ಅವರಿಂದ ಒಂದಿಷ್ಟಾದರೂ ಬೇಯಿಸಬಹುದು. ಟೋಕ್ಲಾಸ್ ಅವರನ್ನು ದಿಂಬಿನ ಪಕ್ಕ ಇಟ್ಟುಕೊಳ್ಳಿ. ಎರಡರಲ್ಲಿ ಒಂದೇ ಕೊಳ್ಳುವುದಾದರೆ, ಓದಿನ ರುಚಿ ಹತ್ತಿದವರು ಟೋಕ್ಲಾಸ್ ಅನ್ನೇ ಕೊಳ್ಳಬೇಕು.

ಕಲಾವಿದರ ಪುಸ್ತಕಗಳು, ಎಂಜಿನ್ ಮೇಲಿನ ಅಡುಗೆ

ಇಟಲಿಯ ಕವಿ, ಫ್ಯೂಚರಿಸ್ಟ್ ಕಲಾ ಚಳವಳಿಯ ಮುಂದಾಳು ಮರಿನೆಟ್ಟಿ 1932ರಲ್ಲಿ ತಂದ 'ಫ್ಯೂಚರಿಸ್ಟ್ ಕುಕ್‌ಬುಕ್' ಪಾಸ್ತಾವನ್ನೇ ತೆಗೆದುಹಾಕಬೇಕೆಂದು ವಾದಿಸುತ್ತದೆ. ಜೋಳ ಬಿಡಿ ಎಂದು ಕಲಬುರಗಿಗೆ ಬಂದು ಹೇಳಿದ ಹಾಗೆ. ಒಂದು ಊಟದಲ್ಲಿ ಬಲಗೈಯಿಂದ ಆಲಿವ್, ಸೋಂಪಿನ ಗಡ್ಡೆ ತಿನ್ನುತ್ತ ಎಡಗೈಯಿಂದ ಮರಳುಕಾಗದ, ರೇಷ್ಮೆ, ವೆಲ್ವೆಟ್ ಸವರಬೇಕು, ಹಿಂದಿನಿಂದ ಅತ್ತರು ಸಿಂಪಡಿಸಬೇಕು, ವಿಮಾನದ ಎಂಜಿನ್ ಸದ್ದು ಕೇಳಬೇಕು. ಓದಲು ಅದ್ಭುತ. ಆದರೆ ಲೇಖಕ ಮುಸೊಲಿನಿಯ ಪರ ನಿಂತವನು, ಆ ಉಗ್ರತೆಯ ವಾಸನೆ ಪುಟಗಳಲ್ಲಿದೆ. ಅದನ್ನು ತಿಳಿದೇ ಓದಬೇಕು.

ಚಿತ್ರಕಾರ ಸಾಲ್ವಡಾರ್ ಡಾಲಿಯ 'ಲೆ ದಿನೆ ದ ಗಾಲಾ' 1973ರದು, 136 ಅಡುಗೆಗಳು, 2016ರಲ್ಲಿ ಮತ್ತೆ ಅಚ್ಚಾಯಿತು. ಅಡುಗೆಗಳು ನಿಜವಾದವು, ಪ್ಯಾರಿಸಿನ ದೊಡ್ಡ ಹೋಟೆಲುಗಳ ಬಾಣಸಿಗರವೂ ಇವೆ. ಆದರೆ ಬಸವನಹುಳು, ಕಪ್ಪೆಕಾಲು ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರಿಗೆ ಒಳ್ಳೆಯ ಉಡುಗೊರೆ. ಅಚ್ಚಿನ ಪ್ರತಿಯನ್ನೇ ಕೊಡಿ. ಚಿತ್ರಗಳೇ ಜೀವವಾದ ಪುಸ್ತಕ ಮೊಬೈಲ್ ಪರದೆಯಲ್ಲಿ ಸತ್ತಂತೆ.

1989ರ 'ಮ್ಯಾನಿಫೋಲ್ಡ್ ಡೆಸ್ಟಿನಿ' ಕಾರಿನ ಎಂಜಿನ್ ಶಾಖದಲ್ಲಿ ಅಡುಗೆ ಮಾಡುವುದನ್ನು ಹೇಳಿಕೊಡುತ್ತದೆ. ಬೇಯುವ ಸಮಯವನ್ನು ಮೈಲಿಯಲ್ಲಿ ಕೊಟ್ಟಿರುವುದು ಅದರ ವಿಶೇಷ. ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿ.ಮೀ., ಅಂದರೆ ಎಪ್ಪತ್ತು ಮೈಲಿಯ ಒಂದು ಅಡುಗೆ ಎಂದು ಲೆಕ್ಕ ಹಾಕುತ್ತ ಓದಿದರೆ ದಾರಿ ಸಾಗಿದ್ದೇ ತಿಳಿಯುವುದಿಲ್ಲ. ನಿಜವಾಗಿ ಮಾಡಿ ನೋಡುವುದು ಮಾತ್ರ ಬೇಡ. ಈಗಿನ ಎಂಜಿನ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ, ಸೆನ್ಸರ್, ವೈರುಗಳು ಕಿಕ್ಕಿರಿದಿವೆ. ಫಾಯಿಲ್ ಪೊಟ್ಟಣ ಜಾರಿ ಬೆಲ್ಟಿಗೆ ಸಿಕ್ಕರೆ ನಷ್ಟ ದೊಡ್ಡದು. ಕೋಳಿಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಎಂಜಿನ್ ಮೇಲೆ ಅದು ಮುಟ್ಟಿತೇ ಎಂದು ಹೇಳುವ ಭರವಸೆಯಿಲ್ಲ.

ಟೆರ್ರಿ ಪ್ರಾಚೆಟ್ ಹೆಸರಿನ 'ನ್ಯಾನಿ ಆಗ್ಸ್ ಕುಕ್‌ಬುಕ್' (1999) ಆತನ ಡಿಸ್ಕ್‌ವರ್ಲ್ಡ್ ಕಾದಂಬರಿ ಓದಿದವರಿಗೆ ಮಾತ್ರ. ಜೇಮ್ಸ್ ಲೈಲೆಕ್ಸ್ ಅವರ 'ದಿ ಗ್ಯಾಲರಿ ಆಫ್ ರಿಗ್ರೆಟಬಲ್ ಫುಡ್' (2001) ಹಳೆಯ ಅಮೆರಿಕನ್ ಅಡುಗೆ ಜಾಹೀರಾತಿನ ಚಿತ್ರಗಳನ್ನು ಹಿಡಿದು ನಗಿಸುತ್ತದೆ. ಒಲೆಗೆ ಸಂಬಂಧವಿಲ್ಲ.

ಮಕ್ಕಳಿಗೆ

ಇಲ್ಲಿ ಹೆಚ್ಚು ಯೋಚಿಸಬೇಕಿಲ್ಲ, ರೋಲ್ಡ್ ಡಾಲ್ ಹೆಸರಿನ 'ರಿವೋಲ್ಟಿಂಗ್ ರೆಸಿಪೀಸ್' ಸಾಕು. ಅವರು ತೀರಿಕೊಂಡದ್ದು 1990ರಲ್ಲಿ, ಪುಸ್ತಕ ಬಂದದ್ದು 1994ರಲ್ಲಿ. ಅವರ ಕತೆಗಳಲ್ಲಿ ಬರುವ ತಿಂಡಿಗಳನ್ನು ನಿಜವಾಗಿ ಮಾಡುವ ವಿಧಾನ, ಕ್ವೆಂಟಿನ್ ಬ್ಲೇಕ್ ಚಿತ್ರಗಳು. ನೆಕ್ಕಬಹುದಾದ ಗೋಡೆಕಾಗದವೂ ಇದೆ. ಕತೆ ಓದಿದ ಮಗುವಿಗೆ ಕೊಟ್ಟರೆ ಎರಡು ಪಟ್ಟು ಸಂತೋಷ. ಹಾಗಾಗಿ ಕತೆಪುಸ್ತಕ ಒಂದನ್ನು ಜೊತೆಗೇ ಕೊಡಿ.

ಡಾಲ್ ಕತೆಯ ಒಳ್ಳೆಯ ದೈತ್ಯ ತಿನ್ನುವ ವಿಚಿತ್ರ ಸೌತೆಕಾಯಿಯನ್ನು ನಮ್ಮ ಸಾಮಾನಿನಲ್ಲೇ ಮಾಡಬಹುದು. ದೊಡ್ಡ ಸೌತೆಕಾಯಿಯ ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ ತೆಗೆದು, ತುದಿ ಕತ್ತರಿಸಿ, ಚಮಚದ ಹಿಡಿಯಿಂದ ತಿರುಳು ತೆಗೆಯಿರಿ. ಒಳಗೆ ಉಪ್ಪು ಸವರಿ ಹತ್ತು ನಿಮಿಷ ಬೋರಲು ನಿಲ್ಲಿಸಿ. ಈ ಹಂತ ಬಿಟ್ಟರೆ ನೀರು ಬಿಟ್ಟು ಹೂರಣವೆಲ್ಲ ಸೋರುತ್ತದೆ. ಬಟ್ಟೆಯಲ್ಲಿ ಎರಡು ತಾಸು ಕಟ್ಟಿಟ್ಟ ಗಟ್ಟಿ ಮೊಸರು ನೂರು ಗ್ರಾಂ, ಶೇಂಗಾ ಹಿಂಡಿ ಎರಡು ಟೀ ಚಮಚ ಕಲಸಿ ತುಂಬಿ, ಹೊರಗೆ ಹುರಿದ ಎಳ್ಳಿನಲ್ಲಿ ಹೊರಳಿಸಿದರೆ ನೋಡಲು ಭಯಂಕರ, ತಿನ್ನಲು ಸೊಗಸು.

ಒಲೆ ಪಕ್ಕಕ್ಕೆ ಒಂದೇ ಆದರೆ

ಕ್ರಿಶ್ ಅಶೋಕ್ ಅವರ 'ಮಸಾಲಾ ಲ್ಯಾಬ್', 2020. ಭಾರತೀಯ ಅಡುಗೆಯ ಹಿಂದಿನ ವಿಜ್ಞಾನವನ್ನು ನಗೆ ಬೆರೆಸಿ ಹೇಳುವ ಇಂಗ್ಲಿಷ್ ಪುಸ್ತಕ. ಕುಕ್ಕರ್, ಹುಳಿ, ಸೋಡಾ, ಈರುಳ್ಳಿ ಕೆಂಪಾಗುವುದು, ಎಲ್ಲಕ್ಕೂ ಕಾರಣ ಸಿಗುತ್ತದೆ. ಇಂಥ ತಿಳಿವಳಿಕೆ ನಮ್ಮಲ್ಲಿ ಏಕೆ ಬೇಕೆಂದರೆ ಬೇಳೆಯಿಂದಾಗಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಷ್ಟು ಒಳ್ಳೆಯ ಬೇಳೆಯೂ ಬೋರ್ ನೀರಿನಲ್ಲಿ ಒಮ್ಮೊಮ್ಮೆ ಗಟ್ಟಿಯಾಗೇ ಉಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಅನ್ನು ಬಿಗಿಗೊಳಿಸುವುದೇ ಕಾರಣ. ಫಿಲ್ಟರ್ ನೀರಿನಲ್ಲಿ ಅರ್ಧ ತಾಸು ನೆನೆಸಿ, ಒಂದು ಲೋಟಕ್ಕೆ ಮೂರು ಲೋಟ ನೀರು ಹಾಕಿ ಕುಕ್ಕರಿಗಿಡಿ. ಬೋರ್ ನೀರೇ ಗತಿಯಾದರೆ ಅಡುಗೆ ಸೋಡಾ ಟೀ ಚಮಚದ ಎಂಟನೇ ಒಂದು ಭಾಗ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳು. ಹುಣಸೆಹುಳಿ, ಟೊಮೆಟೊ ಬೆಂದ ಮೇಲೆಯೇ ಹಾಕಬೇಕು, ಹುಳಿ ಮುಂಚೆ ಬಿದ್ದರೆ ಬೇಳೆ ಕರಗುವುದಿಲ್ಲ.

ಭಾರತದ ಅಡುಗೆ ಹೇಳುವ ಯಾವ ಪುಸ್ತಕವನ್ನಾದರೂ ಅಂಗಡಿಯಲ್ಲೇ ಪರೀಕ್ಷಿಸಲು ನಿಮಗೆ ಕಣ್ಣುಮುಚ್ಚಿ ಬರುವ ಅಡುಗೆಯ ಪುಟ ತೆಗೆಯಿರಿ. ಜೋಳದ ರೊಟ್ಟಿಯ ಪುಟವಿದ್ದರೆ ಮೂರು ಮಾತು ಅದರಲ್ಲಿರಬೇಕು. ನೀರು ಕುದಿಯುವ ಎಸರಾಗಿರಬೇಕು, ಏಕೆಂದರೆ ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಬಿಸಿಗೆ ಹಿಟ್ಟು ಅರೆಬೆಂದರೇ ಹೊಂದಿಕೊಳ್ಳುತ್ತದೆ. ಹಿಟ್ಟು ಹೊಸದಾಗಿರಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಇಲ್ಲದಿದ್ದರೆ ಒಣಹಿಟ್ಟು ಉಳಿದು ರೊಟ್ಟಿ ಸೀಳುತ್ತದೆ. ನೀರು ಸವರುವ ಮಾತು ಇಲ್ಲವೆಂದರೆ ಬರೆದವರು ರೊಟ್ಟಿ ಮಾಡಿಲ್ಲ. ಪುಸ್ತಕ ಕೆಳಗಿಡಿ.

ವಿದೇಶಿ ಅಳತೆ, ಕಲಬುರಗಿ ಬಿಸಿಲು

ಅಮೆರಿಕದ 'ಕಪ್' 240 ಮಿ.ಲೀ. ನಮ್ಮ ಮನೆಯ ಸ್ಟೀಲ್ ಬಟ್ಟಲಿಗೂ ಅದಕ್ಕೂ ಸಂಬಂಧವಿಲ್ಲ, ಒಂದು ಅಳತೆಯ ಲೋಟ ಇಟ್ಟುಕೊಳ್ಳಿ. ಟೇಬಲ್ ಚಮಚ 15 ಮಿ.ಲೀ., ಆಸ್ಟ್ರೇಲಿಯಾದ ಪುಸ್ತಕವಾದರೆ 20. ಪಿಂಟ್ ಅಮೆರಿಕದಲ್ಲಿ 473 ಮಿ.ಲೀ., ಬ್ರಿಟನ್ನಿನಲ್ಲಿ 568. ಪುಸ್ತಕ ಎಲ್ಲಿ ಅಚ್ಚಾಯಿತು ಎಂದು ಮೊದಲು ನೋಡಿ. 'ಒಂದು ಸ್ಟಿಕ್ ಬೆಣ್ಣೆ' 113 ಗ್ರಾಂ, ಅಂದರೆ ನಮ್ಮ ನೂರು ಗ್ರಾಂ ಪೊಟ್ಟಣದ ಮೇಲೆ ಒಂದು ಟೇಬಲ್ ಚಮಚ. ಉಪ್ಪಿನ ಬೆಣ್ಣೆಯಾದರೆ ಅಡುಗೆಯ ಉಪ್ಪಿನಲ್ಲಿ ಸುಮಾರು ಅರ್ಧ ಟೀ ಚಮಚ ಕಡಿಮೆ ಮಾಡಿ. 'ಕೋಷರ್ ಉಪ್ಪು' ಎಂದಿದ್ದರೆ ಹರಳು ದೊಡ್ಡದು, ಪುಡಿ ಉಪ್ಪನ್ನು ಅರ್ಧದಿಂದ ಶುರುಮಾಡಿ. 350 ಫ್ಯಾರನ್‌ಹೀಟ್ ಎಂದರೆ ಓವನ್ ಗುಂಡಿ 175ಕ್ಕೆ. ಅವರ ದೊಡ್ಡ ಮೊಟ್ಟೆ ಸಿಪ್ಪೆ ತೆಗೆದು 50 ಗ್ರಾಂ, ನಮ್ಮದು ಸಾಮಾನ್ಯವಾಗಿ ಚಿಕ್ಕದು. ನಾಲ್ಕು ಕೇಳಿದಲ್ಲಿ ಐದು ಒಡೆದು 200 ಗ್ರಾಂ ತೂಗಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು 'ಕೋಣೆಯ ತಾಪಮಾನದ ಬೆಣ್ಣೆ' ಎಂಬ ಮಾತು. ಬರೆದವರ ಕೋಣೆ 20 ಡಿಗ್ರಿ. ಮೇ ತಿಂಗಳ ಕಲಬುರಗಿ ಅಡುಗೆಮನೆ 35 ದಾಟಿರುತ್ತದೆ, ಅಲ್ಲಿ ಬೆಣ್ಣೆ ಕರಗಿ ಎಣ್ಣೆಯಾಗುತ್ತದೆ, ಗಾಳಿ ಹಿಡಿಯುವುದಿಲ್ಲ, ಕೇಕ್ ಚಪ್ಪಟೆ. ಫ್ರಿಜ್‌ನಿಂದ ತೆಗೆದು ಐದೇ ನಿಮಿಷಕ್ಕೆ, ಬೆರಳೊತ್ತಿದರೆ ಗುಳಿ ಬಿದ್ದು ಜಾರದಂತಿರುವಾಗಲೇ ಬಡಿಯಿರಿ. ಬ್ರೆಡ್ಡಿನ ಹಿಟ್ಟಿಗೆ ಯೀಸ್ಟ್ ಕಾಲುಭಾಗ ಕಡಿಮೆ ಮಾಡಿ ತಣ್ಣೀರಿನಲ್ಲಿ ಕಲಸಿ. ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟಾಯಿತೇ ಎಂದಷ್ಟೇ ನೋಡಿ.

ಹಳೆಯ ಪ್ರತಿ ಕೊಳ್ಳುವಾಗ ಕೊನೆಯ ಪುಟಗಳ ಅಕಾರಾದಿ ಪೂರ್ತಿ ಇದೆಯೇ ಪರೀಕ್ಷಿಸಿ. ಅಡುಗೆ ಪುಸ್ತಕದಲ್ಲಿ ಮೊದಲು ಹರಿಯುವುದು ಅದೇ. ಹಾಗೆಯೇ ಎಣ್ಣೆಕಲೆ ಬಿದ್ದ ಪುಟಗಳನ್ನು ಗಮನಿಸಿ: ಯಾವ ಅಡುಗೆಯನ್ನು ಹಿಂದಿನವರು ಮತ್ತೆಮತ್ತೆ ಮಾಡಿದ್ದಾರೆಂದು ಅವೇ ಹೇಳುತ್ತವೆ. ಮೊದಲ ಪ್ರಯೋಗ ಆ ಪುಟದಿಂದಲೇ ಶುರುಮಾಡಿ.